ಸಾಲಿನ ತುದಿಯಲ್ಲಿ ಕೂತ ಹದಿಮೂರು

ಕಟಪಾಡಿಯ ಗೆಳೆಯನೊಬ್ಬನಿಗೆ ಯಕ್ಷಗಾನದ ಹುಚ್ಚು. ಮೇಳದ ತಿರುಗಾಟದ ಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯದ ಫೈಲು) ಮಾಡಿ, ಇವತ್ತು ಹತ್ತಿರದಲ್ಲಿ ಎಲ್ಲಿ ಆಟ ಅಂತ ಹೇಳುವ ಬ್ಯಾಷ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಬರೆದ ಪುಟ್ಟ ಪ್ರೋಗ್ರಾಂ) ಬರೆದಿದ್ದಾನೆ. "ಎಂತ ಮಾರಾಯ, ಪಟ್ಟಿಯಲ್ಲಿ ಕಾಪು ಉಂಟು, ಸ್ಕ್ರಿಪ್ಟ್ ಇಲ್ಲ ಅಂತದೆ" ಎಂದು ನನಗೆ ಕಳಿಸಿದ.

ಊರಿನ ಹೆಸರು ಕೊನೆಯ ಕಾಲಂ. ಫೈಲಿನ ಒಳಗನ್ನು ತೋರಿಸುವ ಕ್ಯಾಟ್ ಕಮಾಂಡಿಗೆ, ಕಾಣದ ಗುರುತುಗಳನ್ನೂ ತೋರಿಸು ಎನ್ನುವ ದೊಡ್ಡ ಎ ಸ್ವಿಚ್ ಕೊಟ್ಟು ನೋಡಿದರೆ ಪ್ರತಿ ಸಾಲಿನ ಕೊನೆಗೂ ಟೊಪ್ಪಿಯ ಗುರುತು ಹೊತ್ತ ಎಂ. ಅದು 13 ಎಂಬ ಬೆಲೆಯ ಬೈಟು, ಕ್ಯಾರಿಯೇಜ್ ರಿಟರ್ನ್. ಕಣ್ಣಿಗೆ ಕಾಣದ ಅದು ಊರಿನ ಹೆಸರಿಗೆ ಅಂಟಿಕೊಂಡಿದ್ದರಿಂದ ಸ್ಕ್ರಿಪ್ಟಿಗೆ ಕಾಪು ಸಿಗಲಿಲ್ಲ. ಟೆಲಿಟೈಪ್ ಕಾಲದಲ್ಲಿ ಅಚ್ಚಿನ ತಲೆಯನ್ನು ಎಡಕ್ಕೆ ತರಲು 13, ಕಾಗದ ಮೇಲೇರಿಸಲು 10. ಸಾಲಿನ ಅಂತ್ಯಕ್ಕೆ ಯುನಿಕ್ಸ್ 10 ಒಂದನ್ನೇ ಇಟ್ಟುಕೊಂಡಿತು, ಡಾಸ್ ಮತ್ತು ವಿಂಡೋಸ್ ಎರಡನ್ನೂ, ಹಳೆಯ ಮ್ಯಾಕ್ ಬರೀ 13. ವಿಂಡೋಸನ್ನು ಬೈದು ಪ್ರಯೋಜನವಿಲ್ಲ. ಸಿಎಸ್‌ವಿ ಬಗ್ಗೆ 2005ರಲ್ಲಿ ಬಂದ ಆರ್‌ಎಫ್‌ಸಿ 4180 ಎಂಬ ಇಂಟರ್ನೆಟ್ ದಾಖಲೆ ಹೇಳುವುದೂ ಎರಡೂ ಇರಲಿ ಎಂದೇ.

"ಡಾಸ್‌ಟುಯುನಿಕ್ಸ್ (ಸಾಲಿನ ತುದಿಯ 13 ತೆಗೆಯುವ ಟೂಲ್) ಹಾಕಿ ಕೊಡು" ಅನ್ನುವ ಉತ್ತರ ನನಗೆ ಸೇರುವುದಿಲ್ಲ. ಪಟ್ಟಿ ಟೈಪ್ ಮಾಡುವವರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ಒಳಬರುವ ಬಾಗಿಲಲ್ಲೇ ಟೂಲ್ ನೋಡಿಕೊಳ್ಳಬೇಕು: 10ಕ್ಕೆ ತಾಗಿಕೊಂಡು ಹಿಂದೆ 13 ಇದ್ದರೆ ಅದೊಂದನ್ನು ತೆಗೆ, ನಡುವೆ ಇರುವುದನ್ನು ಮುಟ್ಟಬೇಡ. ಗೋ, ರಸ್ಟ್ ಭಾಷೆಗಳ ಸಾಲು ಓದುವ ಫಂಕ್ಷನ್‌ಗಳು ಇದನ್ನು ತಾವಾಗಿಯೇ ಮಾಡುತ್ತವೆ. ಕಂಡ 13ನ್ನೆಲ್ಲ ಅಳಿಸಿದರೆ ಹಳೆಯ ಮ್ಯಾಕ್ ಫೈಲು ಒಂದೇ ಉದ್ದ ಸಾಲಾಗುತ್ತದೆ.

ಸಾಲು ಓದುವ ಬ್ಯಾಷಿನ ರೀಡ್ ಕಮಾಂಡಿಗೆ ಇನ್ನೊಂದು ಚಾಳಿ ಉಂಟು. ಕೊನೆಯ ಸಾಲಿನ ತುದಿಯಲ್ಲಿ 10 ಇಲ್ಲದಿದ್ದರೆ, ಸಾಲನ್ನು ಓದಿಯೂ ಸೋತೆ ಅನ್ನುತ್ತದೆ, ಲೂಪ್ ಅಲ್ಲೇ ನಿಂತು ಆ ಸಾಲು ಲೆಕ್ಕಕ್ಕೆ ಬರುವುದೇ ಇಲ್ಲ. ಪಟ್ಟಿಯ ಕೊನೆಯ ಸಾಲೆಂದರೆ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯ ಸೇವೆಯಾಟ. ಅದನ್ನು ತಪ್ಪಿಸಿಕೊಂಡವನಿಗೆ ಮತ್ತೆ ಮಳೆಗಾಲ ಮುಗಿಯುವವರೆಗೆ ಮೇಳವಿಲ್ಲ!

ಇದಕ್ಕಿಂತ ಮಜದ್ದು ಕನ್ನಡದ ಅಕ್ಷರವೇ ಮಾಡುವ ತರಲೆ. ಬೈಟು ಯಾವುದೂ ಕಳೆಯದಿರಲಿ ಎಂದು ಪೈಥಾನಿನಲ್ಲಿ ಫೈಲನ್ನು ಲ್ಯಾಟಿನ್-1 (ಒಂದು ಬೈಟಿಗೆ ಒಂದು ಅಕ್ಷರ ಎಣಿಸುವ ಸಂಕೇತಕ್ರಮ) ಎಂದು ಓದಿ, ಸ್ಪ್ಲಿಟ್‌ಲೈನ್ಸ್‌ನಿಂದ ಸಾಲು ಕತ್ತರಿಸುವವರಿದ್ದಾರೆ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ 'ಅ' ಅಕ್ಷರ 224, 178, 133 ಎಂಬ ಮೂರು ಬೈಟು. ಲ್ಯಾಟಿನ್-1ರ ಕಣ್ಣಿಗೆ 133 ಅಂದರೆ 'ಮುಂದಿನ ಸಾಲು' ಎಂಬ ಕಂಟ್ರೋಲ್ ಸಂಕೇತ. ಸ್ಪ್ಲಿಟ್‌ಲೈನ್ಸ್ ಅದನ್ನೂ ಸಾಲಿನ ಅಂತ್ಯವೆಂದೇ ಎಣಿಸುತ್ತದೆ. 'ಆ' 134ಕ್ಕೆ ಮುಗಿಯುವುದರಿಂದ ಆದಿಉಡುಪಿಗೆ ಏನೂ ಆಗುವುದಿಲ್ಲ. ಅಂಬಲಪಾಡಿ, ಅಲೆವೂರು, ಅಜೆಕಾರು ಮಾತ್ರ ಎರಡೆರಡು ತುಂಡು. ಯುಟಿಎಫ್-8 ಎಂದೇ ಓದಿ, ಇಲ್ಲವೇ ಬೈಟುಗಳಾಗಿಯೇ ಇಟ್ಟು ಕತ್ತರಿಸಿ. ಬೈಟುಗಳ ಸ್ಪ್ಲಿಟ್‌ಲೈನ್ಸ್ 10, 13 ಬಿಟ್ಟು ಬೇರೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಗೆಳೆಯನ ಸ್ಕ್ರಿಪ್ಟನ್ನು ಪೈಥಾನಿಗೆ ತಂದುಕೊಟ್ಟಿದ್ದೇನೆ. ಇಡೀ ಫೈಲಿನಲ್ಲಿ 10 ಒಂದೂ ಇಲ್ಲದೆ 13 ಮಾತ್ರ ಇದ್ದರೆ ಅದನ್ನೇ ಸಾಲಿನ ಅಂತ್ಯವೆಂದು ಹಿಡಿಯುತ್ತದೆ. ಪಟ್ಟಿ ಚಿಕ್ಕದು, ಪೂರ್ತಿ ಓದಿ ನಿರ್ಧರಿಸಬಹುದು; ಇನ್ನೊಂದು ಪ್ರೋಗ್ರಾಮಿನಿಂದ ಪೈಪಿನಲ್ಲಿ ಹರಿದು ಬರುವ ದೊಡ್ಡ ಲಾಗಿಗೆ ಇದು ನಡೆಯದು. ಟೆಸ್ಟಿಗೆ ಒಂದೇ ಪಟ್ಟಿಯ ನಾಲ್ಕು ಪ್ರತಿ ಇಟ್ಟಿದ್ದೇವೆ: ಮೂರು ಬಗೆಯ ಅಂತ್ಯದವು, ಮತ್ತೊಂದು ಕೊನೆಯ 10 ಇಲ್ಲದ್ದು. ನಾಲ್ಕಕ್ಕೂ ಒಂದೇ ಉತ್ತರ ಬರಬೇಕು. ಆ ಫೋಲ್ಡರನ್ನು ಮುಟ್ಟದಂತೆ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಕಾಯ್ದಿಡುವ ಟೂಲ್) ಹೇಳಿಡಲೇಬೇಕು. ಇಲ್ಲದಿದ್ದರೆ ಯಾರದೋ ವಿಂಡೋಸ್ ಮೆಷಿನ್ನಿನಲ್ಲಿ ಗಿಟ್ ಸಾಲಿನ ಅಂತ್ಯ ಬದಲಿಸಿ 10ರ ಪ್ರತಿಗೂ 13 ಅಂಟಿಕೊಂಡು, ಏನನ್ನೂ ಪರೀಕ್ಷಿಸದ ಟೆಸ್ಟು ಪಾಸಾಗಿ ಕೂರುತ್ತದೆ.