ಜಗಲಿಯ ಮೇಲೆ ಹದಿನಾರು ಜೋಡಿ ಅಡಿಕೆ

ಕೊನೆಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋಗಿದ್ದೆ. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅಪ್ಪಯ್ಯ ಕೇಳಿದರು.

"ನೀನು ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡ್ತೀಯಲ್ಲ, ಇದೊಂದು ಹೇಳು ಮಾರಾಯ್ತಿ. ಕೆರೆ ಪಕ್ಕದ ಮರದ ಬೀಜದಡಿಕೆ ಆರಿಸಿ ಸಸಿ ಮಾಡಿದ್ದೆ. ಎಲ್ಲ ಒಂದೇ ತಾಯಿ ಮಕ್ಕಳು. ಒಂದು ಐದನೇ ವರ್ಷಕ್ಕೇ ಹಿಂಗಾರ ಬಿಡ್ತು, ಪಕ್ಕದ್ದು ಎಂಟಾದರೂ ಇಲ್ಲ. ಬಾಳೆ ಕಂದು ನೆಟ್ಟರೆ ಹೀಗಾಗಲ್ಲ. ಯಾಕೆ?"

ಹದಿನಾಲ್ಕು ವರ್ಷದಿಂದ ಮಿಯಾಸಿಸ್, ಅಂದರೆ ಪರಾಗ, ಅಂಡ ಹುಟ್ಟುವಾಗಿನ ಕೋಶ ವಿಭಜನೆಯ ಪಾಠ ಮಾಡುತ್ತಿದ್ದೇನೆ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನೋಡಿಲ್ಲ.

ಅಂಗಳದಿಂದ ಹದಿನಾರು ಹಸಿರು ಕಾಯಿ, ಹದಿನಾರು ಹಣ್ಣಡಿಕೆ ತಂದೆ. ಒಂದು ಹಸಿರು, ಒಂದು ಹಣ್ಣು ಹೀಗೆ ಜೋಡಿ ಮಾಡಿಟ್ಟೆ. ಹುಟ್ಟುಗುಣಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮುಗಳು. ಅಡಿಕೆ ಮರದ ಜೀವಕೋಶದಲ್ಲಿ ಇರುವುದು 32 ಕ್ರೋಮೋಸೋಮ್, ಅಂದರೆ 16 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಎಲೆ, ಬೇರು ಬೆಳೆಯುವಾಗ ಪೂರ್ತಿ 32ರ ನಕಲು ಹೊಸ ಕೋಶಕ್ಕೆ ಹೋಗುತ್ತದೆ. ಬಾಳೆ ಕಂದು ಹುಟ್ಟುವುದೂ ಹಾಗೇ. ಅದಕ್ಕೇ ಅದು ತಾಯಿಯ ಪಡಿಯಚ್ಚು.

ಹೂವಿನಲ್ಲಿ ಪರಾಗ, ಅಂಡ ಆಗುವಾಗ ಮಾತ್ರ ಲೆಕ್ಕ ಬೇರೆ. ಮಿಯಾಸಿಸ್ ಅಂದರೆ ಗ್ರೀಕ್‌ನಲ್ಲಿ ಕಡಿಮೆಯಾಗುವುದು. 32 ಇದ್ದದ್ದು 16 ಆಗಬೇಕು. ಇಲ್ಲದಿದ್ದರೆ ತಲೆಮಾರಿಗೊಮ್ಮೆ ಎರಡರಷ್ಟಾಗುತ್ತಾ ಹೋಗುತ್ತಿತ್ತು, ಅಲ್ವಾ? ಮೊದಲು ಪ್ರತಿ ಕ್ರೋಮೋಸೋಮ್ ಎರಡೆಳೆ ಆಗುತ್ತದೆ. ಆಮೇಲೆ ಜೋಡಿಗಳು ಮೈಗೆ ಮೈ ತಾಗಿಸಿ ನಿಂತು, ಬೇರೆಯಾಗುತ್ತವೆ. ಕೊನೆಗೆ ಆ ಎಳೆಗಳೂ ಬೇರೆಯಾಗುತ್ತವೆ.

"ಒಂದೊಂದು ಜೋಡಿಯಿಂದ ಒಂದೊಂದು ತೆಗೀರಿ ಅಪ್ಪಯ್ಯ" ಅಂದೆ. ಅವರು ಹಸಿರು, ಹಸಿರು, ಹಣ್ಣು ಅಂತ ಆರಿಸಿದರು. ಹೀಗೆ ಆರಿಸಲು 65,536 ದಾರಿಗಳಿವೆ. ಆಮೇಲೆ ಅವರ ಅಡಕತ್ತರಿ ಇಸಕೊಂಡು ಒಂದು ಹಸಿರು, ಒಂದು ಹಣ್ಣನ್ನು ಅರ್ಧ ಮಾಡಿ ತುಂಡು ಅದಲುಬದಲು ಇಟ್ಟೆ. ಜೋಡಿಯಾಗಿ ನಿಂತಾಗ ಕ್ರೋಮೋಸೋಮುಗಳು ಹೀಗೇ ತುಂಡು ವಿನಿಮಯ ಮಾಡಿಕೊಳ್ಳುತ್ತವೆ. ಆಗ ಲೆಕ್ಕಕ್ಕೇ ಸಿಗಲ್ಲ. ಇದು ನನಗೆ ಇಡೀ ಪಾಠದಲ್ಲಿ ಅತಿ ಇಷ್ಟದ ಜಾಗ. ಅಜ್ಜನದೂ ಅಜ್ಜಿಯದೂ ಒಂದೇ ಎಳೆಯಲ್ಲಿ ಸೇರುವುದು ಇಲ್ಲೇ.

"ಬಾಳೆಗೆ ಯಾಕೆ ಬೀಜ ಇಲ್ಲ ಮತ್ತೆ?"

ಒಳಗಿಂದ ಪಚ್ಚಬಾಳೆ ತಂದು ಕೊಯ್ದೆ. ನಡುವೆ ಸಣ್ಣ ಕಪ್ಪು ಚುಕ್ಕಿಗಳು. ಬೀಜ ಆಗಬೇಕಿದ್ದು ಅಲ್ಲೇ ನಿಂತವು. ಪಚ್ಚಬಾಳೆಗೆ 33 ಕ್ರೋಮೋಸೋಮ್, ಹನ್ನೊಂದರ ಮೂರು ಸೆಟ್. ಮೂರನ್ನು ಎರಡು ಕಡೆ ಸಮ ಹಂಚಲು ಆಗಲ್ಲ. ಪರಾಗ, ಅಂಡ ಸರಿಯಾಗಿ ಕೂಡಿ ಬರುವುದಿಲ್ಲ. ಪರಾಗ ಬೀಳದೆಯೂ ಕಾಯಿ ತುಂಬಿಕೊಳ್ಳುವ ಗುಣ ಇರುವುದರಿಂದ ನಮಗೆ ಹಣ್ಣು ಸಿಗುತ್ತದೆ. ಬಂಡೆ ಸಂದಿಯ ಕಲ್ಲುಬಾಳೆಯನ್ನು ನೋಡಿ. ಅದಕ್ಕೆ ಕಂದು ಬರುವುದಿಲ್ಲ, ಹಣ್ಣಿನ ತುಂಬ ಕಲ್ಲಿನಂಥ ಬೀಜ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಆ ಸಸಿಗಳ ತಂದೆ ಯಾರು?"

ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂವು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂವು ಅರಳುವುದು ಆಮೇಲೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದ, ಗಾಳಿಯಲ್ಲಿ ಬರುತ್ತದೆ. ಆ ಕಡೆಯೂ 65,536 ದಾರಿ.

ಬೆಳಿಗ್ಗೆ ಕಾಫಿಗೆ ಕರೆದರೆ ಅಪ್ಪಯ್ಯ ಮನೆಯಲ್ಲಿರಲಿಲ್ಲ. ಕೆರೆ ಪಕ್ಕದ ಮರದ ಸುತ್ತ ನಿಂತ ಮರಗಳ ಕೊನೆಯನ್ನು ಒಂದೊಂದಾಗಿ ತಲೆಯೆತ್ತಿ ನೋಡುತ್ತಿದ್ದರು.