ಕಾಗದದ ಮೇಲೆ ಜೇನು, ಕೈಯ ಮೇಲೆ ಬೇರೆಯೇ

ಬೆಂಗಳೂರಿನ ಒಂದು ಸಣ್ಣ ಲ್ಯಾಬ್‌ನಲ್ಲಿ ಪರಿಮಳ ಬೆರೆಸುವುದು ನನ್ನ ಕೆಲಸ. ನಮ್ಮಲ್ಲಿ ಜಾಸ್ತಿ ಆಗುವುದು ಕಾಂಪೌಂಡ್, ಅಂದರೆ ಅಗರಬತ್ತಿಗೆ ಹಾಕುವ ಪರಿಮಳದ ಮಿಶ್ರಣ. ಒಂದು ಸಲ ಒಬ್ಬ ಗ್ರಾಹಕರು ಮೈಗೆ ಹಚ್ಚುವ ಸೆಂಟ್ ಬೇಕು ಅಂದರು. ಹೂವು ಬೇಡ, ಹಣ್ಣು ಬೇಡ, ಜೇನು ಬೇಕು. ಅದೂ ಬಾಟಲಿಯ ಜೇನಲ್ಲ, ಗೂಡಿನ ಎರಿ ಮುರಿದಾಗ ಬರುತ್ತದಲ್ಲ, ಆ ವಾಸನೆ.

ನಾನು ಶಿರಸಿ ಕಡೆಯವಳು. ತುಡುವೆ ಜೇನಿನ ಪೆಟ್ಟಿಗೆ ತೆಗೆಯುವುದನ್ನು ನೋಡುತ್ತಲೇ ಬೆಳೆದವಳು. ಕೇಳಿದ ಕೂಡಲೇ ಒಪ್ಪಿಕೊಂಡೆ.

ಜೇನಿನ ಸೆಂಟ್‌ನಲ್ಲಿ ಜೇನುತುಪ್ಪ ಇರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದಿಲ್ಲ. ಅದರ ಸಕ್ಕರೆ ಗಟ್ಟಿ ಆಲ್ಕೋಹಾಲ್‌ನಲ್ಲಿ ಕರಗದು, ಕೈಗೂ ಅಂಟುತ್ತದೆ. ಹಾಗಾಗಿ ಆ ವಾಸನೆಯನ್ನು ಬೇರೆ ವಸ್ತುಗಳಿಂದ ಕಟ್ಟಬೇಕು. ಅದರಲ್ಲಿ ಮುಖ್ಯವಾದದ್ದು ಫೀನೈಲ್ ಅಸಿಟಿಕ್ ಆ್ಯಸಿಡ್. ಬಿಳಿ ಹರಳು. ನಿಜವಾದ ಜೇನಿನಲ್ಲೂ ಇದು ಇದೆ. ಚೂರೇ ಚೂರು ಇದ್ದರೆ ಜೇನು, ಸ್ವಲ್ಪ ಹೆಚ್ಚಾದರೆ ಕುದುರೆ ಲಾಯ. ಒಂದೇ ಪ್ರಮಾಣ ಒಬ್ಬರ ಮೂಗಿಗೆ ಸಿಹಿ, ಇನ್ನೊಬ್ಬರ ಮೂಗಿಗೆ ಮೂತ್ರ. 2005ರಲ್ಲಿ ಸೆರ್ಜ್ ಲ್ಯೂಟೆನ್ಸ್ ಎಂಬ ಫ್ರೆಂಚ್ ಸೆಂಟ್ ಬ್ರ್ಯಾಂಡ್‌ನ ಹೆಸರಿನಲ್ಲಿ ‘ಮಿಯೆಲ್ ದ ಬ್ವಾ’ ಎಂಬ ಸೆಂಟ್ ಬಂತು. ಹೆಸರಿನ ಅರ್ಥ ಮರದ ಜೇನು. ಮಾಡಿದವರು ಕ್ರಿಸ್ಟೋಫರ್ ಶೆಲ್ಡ್ರೇಕ್. ಅದರ ಬಗ್ಗೆ ಇವತ್ತಿಗೂ ಜನ ಹೀಗೇ ಎರಡು ಪಾಲಾಗಿದ್ದಾರೆ. ನನಗೆ ಅದು ಧೈರ್ಯದ ಕೆಲಸ ಅನ್ನಿಸುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ತಪ್ಪು ಮಾಡಿದೆ. ಅಗರಬತ್ತಿಯ ಅಭ್ಯಾಸದಲ್ಲೇ ಆ್ಯಸಿಡ್ ಧಾರಾಳವಾಗಿ ಹಾಕಿ, ಕಾಗದದ ಪಟ್ಟಿಯ ಮೇಲಷ್ಟೇ ಮೂಸಿ ನೋಡಿದೆ. ಎರಡು ದಿನ ಬಿಟ್ಟು ಮೂಸಿದರೂ ಘಮ್ಮೆನ್ನುತ್ತಿತ್ತು. ಸ್ಯಾಂಪಲ್ ಕಳಿಸುವ ಬೆಳಗ್ಗೆ ಪ್ಯಾಕಿಂಗ್ ಮಾಡುವ ಅಕ್ಕನ ಮಣಿಕಟ್ಟಿಗೆ ಸುಮ್ನೆ ಒಂದು ಹನಿ ಹಚ್ಚಿದೆ. ಊಟದ ಹೊತ್ತಿಗೆ ಬಂದು ಮೆಲ್ಲಗೆ ಹೇಳಿದರು, ‘ಬೇಜಾರು ಮಾಡ್ಕೋಬೇಡಿ ಮೇಡಂ. ಮಗು ಉಚ್ಚೆ ಹೊಯ್ದ ಬಟ್ಟೆ ಹಾಗೇ ಒಣಗಿದ್ರೆ ಬರುತ್ತಲ್ಲ, ಹಂಗಿದೆ. ಎರಡು ಸಲ ಸೋಪ್ ಹಾಕಿದೆ, ಹೋಗ್ಲಿಲ್ಲ.’

ಕೈ ಮೂಸಿದೆ. ನಿಜ. ನನಗೇ ಯಾಕೆ ಮೊದಲು ತಿಳಿಯಲಿಲ್ಲ? ವಾರವಿಡೀ ಅದನ್ನೇ ಮೂಸಿ ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು.

ಕಾಗದಕ್ಕೆ ಬಿಸಿ ಇಲ್ಲ, ಬೆವರಿಲ್ಲ, ಎಣ್ಣೆ ಜಿಡ್ಡಿಲ್ಲ. ಚರ್ಮಕ್ಕೆ ಮೂರೂ ಇವೆ. ಮೈಯ ಬಿಸಿಗೆ ಹಗುರವಾದ ನಿಂಬೆ, ಹೂವಿನ ವಾಸನೆ ಬೇಗ ಹಾರಿಹೋಗುತ್ತದೆ. ಈ ಆ್ಯಸಿಡ್ ಮಾತ್ರ ಗಟ್ಟಿಯಾಗಿ ಕೂತುಬಿಡುತ್ತದೆ. ಮುಚ್ಚಿಡಲು ಮೇಲೆ ಏನೂ ಉಳಿದಿರುವುದಿಲ್ಲ, ಅಲ್ವಾ?

ಗ್ರಾಹಕರಿಗೆ ಫೋನ್ ಮಾಡಿ ಇನ್ನೂ ಮೂರು ವಾರ ಕೇಳಿದೆ. ಆ್ಯಸಿಡ್ ಅನ್ನು ಮೊದಲಿದ್ದದ್ದರ ಹತ್ತನೇ ಒಂದು ಪಾಲಿಗೆ ಇಳಿಸಿದೆ. ಆ ಜಾಗಕ್ಕೆ ಜೇನುಮೇಣದ ಅಬ್ಸೊಲ್ಯೂಟ್ ತಂದೆ. ಮೇಣವನ್ನು ಆಲ್ಕೋಹಾಲ್‌ನಲ್ಲಿ ತೊಳೆದು ತೆಗೆಯುವ ವಸ್ತು ಅದು. ದುಬಾರಿ. ಆದರೆ ಅದರಲ್ಲಿ ಒಣಹುಲ್ಲು, ಹೊಗೆಸೊಪ್ಪು, ಮೇಣ, ಅದರ ಹಿಂದೆ ಎಲ್ಲೋ ಜೇನು, ಎಲ್ಲ ಇದೆ. ಬೀಗಿ ಬರುವ ವಾಸನೆಯಲ್ಲ, ಹತ್ತಿರ ಹೋದರೆ ಸಿಗುವಂಥದ್ದು. ನಮ್ಮ ಮನೆಯ ಜೇನಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುತ್ತಿದ್ದದ್ದು ಇದೇ. ಬರೀ ಸಿಹಿ ಅಲ್ಲ, ಸ್ವಲ್ಪ ಪ್ರಾಣಿಯ ವಾಸನೆಯೂ ಬೇಕು. ಪೂರ್ತಿ ತೆಗೆದರೆ ಅದು ಮಿಠಾಯಿ ಆಗುತ್ತದೆ.

ಈ ಸಲ ಆರು ಜನರ ಕೈಗೆ ಹಚ್ಚಿದೆ. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ ಮೂಸಿ ಬರೆದುಕೊಂಡೆ. ಸಂಜೆ ಅಕ್ಕ ತಾವಾಗಿಯೇ ಬಂದು ಕೈ ಚಾಚಿದರು. ‘ಇವತ್ತು ತೊಳೀಬೇಕು ಅನ್ನಿಸ್ಲಿಲ್ಲ ಮೇಡಂ’ ಅಂದರು. ಆರರಲ್ಲಿ ಒಬ್ಬರ ಕೈಯ ಮೇಲೆ ಮಾತ್ರ ಇನ್ನೂ ಆ ಹಳೆಯ ವಾಸನೆ ಏಳುತ್ತಿತ್ತು. ಅದನ್ನೂ ಚೀಟಿಯಲ್ಲಿ ಬರೆದು ಸ್ಯಾಂಪಲ್ ಜೊತೆಗೇ ಕಳಿಸಿದೆ.