ಪರದೆ ಎಳೆದ ಮೇಲೆ ಕೇಳಿದ ಪ್ರಶ್ನೆ

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾನು ಶುಶ್ರೂಷಕಿಯಾಗಿದ್ದಾಗ, 15 ವರ್ಷದ ಹುಡುಗಿಯೊಬ್ಬಳು ಆರು ತಿಂಗಳೊಳಗೆ ಎರಡನೆಯ ಬಾರಿ ನಮ್ಮ ವಾರ್ಡಿಗೆ ದಾಖಲಾದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ಉಗುರು, ಹಿಮೋಗ್ಲೋಬಿನ್ 5.4 ಗ್ರಾಂ. ಈ ವಯಸ್ಸಿನ ಹುಡುಗಿಯರಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಮೊದಲ ಸಲ ರಕ್ತ ಕೊಟ್ಟು, ಕಬ್ಬಿಣದ ಮಾತ್ರೆ ಬರೆದು, ಸೊಪ್ಪು ಕಾಳು ಚೆನ್ನಾಗಿ ತಿನ್ನಿಸಿ ಎಂದು ಹೇಳಿ ಮನೆಗೆ ಕಳುಹಿಸಿದ್ದೆವು.

ಹಳೆಯ ಕೇಸ್ ಶೀಟ್ ತೆಗೆದು ನೋಡಿದೆ. ಮುಟ್ಟಿನ ವಿವರದ ಜಾಗದಲ್ಲಿ 'ಸರಿಯಾಗಿದೆ' ಎಂಬ ಒಂದೇ ಮಾತಿತ್ತು, ಅಕ್ಷರ ನನ್ನದೇ ಆಗಿತ್ತು. ಬೆಳಗಿನ ರೌಂಡ್ಸ್‌ನಲ್ಲಿ, ತಂದೆ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದಾಗ, ವೈದ್ಯ ವಿದ್ಯಾರ್ಥಿಗಳ ಗುಂಪಿನ ಎದುರು ನಾನು ಆ ಪ್ರಶ್ನೆ ಕೇಳಿದ್ದೆ; ಅವಳು ತಲೆ ತಗ್ಗಿಸಿ 'ಹೂಂ' ಎಂದಿದ್ದಳು. ಆ ಉತ್ತರವನ್ನು ನಾನು ಬರೆದುಕೊಳ್ಳಬಾರದಾಗಿತ್ತು.

ಅಂದು ಸಂಜೆ ತಾಯಿಯನ್ನು ಊಟಕ್ಕೆ ಕಳುಹಿಸಿ, ಪರದೆ ಎಳೆದು, ಸ್ಟೂಲಿನ ಮೇಲೆ ಕುಳಿತೆ. ಎಲ್ಲವನ್ನೂ ಗುಟ್ಟಾಗಿಡುವೆನೆಂದು ಮಾತು ಕೊಡಲಿಲ್ಲ, ಏಕೆಂದರೆ ಹದಿನೆಂಟರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ವರದಿ ಮಾಡಲೇಬೇಕು. ಅದನ್ನು ಮೊದಲೇ ತಿಳಿಸಿ, ಉಳಿದದ್ದು ಡಾಕ್ಟರಿಗೆ ಮಾತ್ರ ಗೊತ್ತಾಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: "ಹನ್ನೆರಡು ದಿನ ಹೋಗುತ್ತೆ ಸಿಸ್ಟರ್. ಗಡ್ಡೆಗಡ್ಡೆಯಾಗಿ ಬೀಳುತ್ತೆ. ರಾತ್ರಿ ಎರಡು ಸಲ ಎದ್ದು ಬಟ್ಟೆ ಬದಲಾಯಿಸ್ತೀನಿ." ಚಿಕ್ಕಂದಿನಲ್ಲಿ ಮೂಗಿನಿಂದಲೂ ರಕ್ತ ಸುರಿಯುತ್ತಿತ್ತಂತೆ. ಆ ಹೊತ್ತಿನಲ್ಲೂ ಅವಳು ಮುಟ್ಟಾಗಿದ್ದಳು. ಬೆಡ್‌ಶೀಟಿಗೆ ಕಲೆಯಾದರೆ ಬೈಯುತ್ತಾರೆಂದು ತನ್ನ ವೇಲನ್ನೇ ಮಡಿಸಿ ಕೆಳಗೆ ಹಾಸಿಕೊಂಡಿದ್ದಳು. ಎರಡು ದಿನಗಳಿಂದ ಗಂಟೆಗೊಮ್ಮೆ ಅವಳ ನಾಡಿ ಹಿಡಿದ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

ಊಟ ಮುಗಿಸಿ ಬಂದ ತಾಯಿಯನ್ನು, ಮಗಳ ಒಪ್ಪಿಗೆ ಪಡೆದು, ಮಾತಿಗೆ ಸೇರಿಸಿಕೊಂಡೆ. "ನಮ್ಮ ಮನೆ ಹೆಣ್ಣುಮಕ್ಕಳಿಗೆಲ್ಲ ಹೀಗೇ ಅಲ್ವಾ ಸಿಸ್ಟರ್? ನನ್ನ ತಂಗಿಗೆ ಹೆರಿಗೆಯಲ್ಲಿ ರಕ್ತ ನಿಲ್ಲಲೇ ಇಲ್ಲ" ಎಂದರು ಅವರು.

ಇದನ್ನು ಕೇಳಿದ ವೈದ್ಯರು ಮರುದಿನವೇ ವಿಶೇಷ ಪರೀಕ್ಷೆಗೆ ರಕ್ತದ ಮಾದರಿ ಕಳುಹಿಸಿದರು. ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿತ್ತು. ಆದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ಕಡಿಮೆಯಿತ್ತು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ವಂಶದಲ್ಲಿ ಹರಿದು ಬರುವಂಥದ್ದು. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಇದನ್ನು ಮೊದಲು ವಿವರಿಸಿದ್ದು ಓಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ; ಆ ಮನೆಯ ಹುಡುಗಿ ಹದಿಹರೆಯದಲ್ಲೇ, ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಿದ್ದಳೆಂದು ವೈದ್ಯರು ಹೇಳಿದಾಗ ನನ್ನ ಕೈ ತಣ್ಣಗಾಯಿತು.

ಹೆಚ್ಚು ಹೋಗುವ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಜೊತೆಗೆ ಕಬ್ಬಿಣದ ಮಾತ್ರೆ, ಆಸ್ಪಿರಿನ್ ಮುಟ್ಟಲೇಬಾರದೆಂಬ ಎಚ್ಚರಿಕೆ. ಹಾರ್ಮೋನ್ ಮಾತ್ರೆ ಎಂದೊಡನೆ ತಾಯಿ ಬೆಚ್ಚಿ, ಮುಂದೆ ಮಕ್ಕಳಾಗದಿದ್ದರೆ ಎಂದು ಕೇಳಿದರು. ಬಿಟ್ಟ ಮೇಲೆ ಗರ್ಭಧಾರಣೆಗೆ ಅದರಿಂದ ಅಡ್ಡಿಯಿಲ್ಲವೆಂದು ವೈದ್ಯರು ತಾಳ್ಮೆಯಿಂದ ವಿವರಿಸಿದರು, ಮುಖ್ಯವಾಗಿ ಹುಡುಗಿಯ ಮುಖ ನೋಡಿ ವಿವರಿಸಿದರು.

ಬಿಡುಗಡೆಯ ದಿನ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಚಿಕ್ಕವಳಿಗೆ ಹತ್ತು ವರ್ಷ, ಇನ್ನೂ ದೊಡ್ಡವಳಾಗಿಲ್ಲ. ಅವಳಿಗೆ ಈಗಲೇ ಪರೀಕ್ಷೆ ಮಾಡಿಸಬಹುದಾ ಸಿಸ್ಟರ್? ನನಗೂ?" ಎಂದು ಕೇಳಿದರು. ಅವರನ್ನು ವೈದ್ಯರ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿದೆ.